ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ: ರಣರಂಗಕ್ಕೆ, ಶಾಂತಿಪಾಲನೆಗೆ ಹೋಗುವವರ ಲಸಿಕೆ, ಮಾತ್ರೆ ಮತ್ತು ಮರಳಿದ ಮೇಲಿನ ಜ್ವರ

ಆಫ್ರಿಕಾದಲ್ಲಿ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ದಿನವೇ ಅದರ ಪ್ರಮಾಣಪತ್ರದ ಪುಸ್ತಿಕೆಗೆ ಬೆಲೆ ಬರುವುದಿಲ್ಲ, 10 ದಿನ ಕಳೆಯಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಮುಗಿಯಲು 6 ತಿಂಗಳು ಹಿಡಿಯುತ್ತದೆ. ಮೆಫ್ಲೋಕ್ವಿನ್ ಎಂಬ ಮಲೇರಿಯಾ ಮಾತ್ರೆಯನ್ನು ವಿಮಾನ ಹತ್ತುವುದಕ್ಕೆ ಎರಡು ಮೂರು ವಾರ ಮೊದಲೇ ನುಂಗಲು ಶುರು ಮಾಡಬೇಕು. ಹಾಗಾಗಿ ಕುಮಟಾದಲ್ಲೋ ಸಿದ್ದಾಪುರದಲ್ಲೋ ರಜೆಯಲ್ಲಿ ಕೂತಿರುವಾಗ 'ಮಿಷನ್ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ' ಎಂದು ಪಲ್ಟನ್ನಿನಿಂದ ಫೋನು ಬಂದರೆ, ಬ್ಯಾಗು ತುಂಬುವ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ಹೊರಡುವ ದಿನಕ್ಕೆ ಗುರುತು ಹಾಕಿ ಅಲ್ಲಿಂದ ಹಿಂದಕ್ಕೆ ಎಣಿಸಿ. ಸೈನಿಕರ ಲಸಿಕೆಯಲ್ಲಿ ಆಗುವ ಹೆಚ್ಚಿನ ಎಡವಟ್ಟು ಔಷಧಿಯದ್ದಲ್ಲ, ತಾರೀಖಿನದ್ದು.

ಯುದ್ಧದಲ್ಲಿ ಗುಂಡಿಗಿಂತ ರೋಗಕ್ಕೆ ಸತ್ತವರೇ ಹೆಚ್ಚು ಎಂಬ ಕಾಲ ಬಹಳ ಹಿಂದಿನದೇನಲ್ಲ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತದ್ದು ಕಾಯಿಲೆಯಿಂದ, ಅದರಲ್ಲೂ ಟೈಫಾಯಿಡ್‌ನಿಂದ. ಆಲ್ಮ್‌ರಾತ್ ರೈಟ್ ಸಿದ್ಧಪಡಿಸಿದ ಟೈಫಾಯಿಡ್ ಲಸಿಕೆ ಆಗಲೇ ಇತ್ತು. ಆದರೆ ಬೇಕಾದವರು ಮಾತ್ರ ಹಾಕಿಸಿಕೊಳ್ಳಬಹುದೆಂದು ಬಿಟ್ಟಿದ್ದರಿಂದ ತೋಳು ಚಾಚಿದವರು ಕೆಲವೇ ಮಂದಿ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೇನೆಯಲ್ಲಿ ಬಹುತೇಕ ಎಲ್ಲರೂ ಹಾಕಿಸಿಕೊಂಡರು, ಟೈಫಾಯಿಡ್ ತಗ್ಗಿತು.

ಕಾರವಾರದ ಅರಗದಲ್ಲಿರುವ ಐಎನ್‌ಎಸ್ ಕದಂಬ ನೆಲೆಯವರಿಗೆ ನೌಕಾಪಡೆಯದೇ ಆಸ್ಪತ್ರೆ ಐಎನ್‌ಎಚ್‌ಎಸ್ ಪತಂಜಲಿ ಹತ್ತಿರದಲ್ಲೇ ಇದೆ. ಭೂಸೇನೆಯ, ಅರೆಸೇನಾ ಪಡೆಗಳ ಹುಡುಗರು ರಜೆಯಲ್ಲಿದ್ದಾಗ ಊರಿನ ಡಾಕ್ಟರರ ಹತ್ತಿರ ತಾವೇ ಹೋಗಿ 'ಆಫ್ರಿಕಾಕ್ಕೆ ಹೊರಟಿದ್ದೇನೆ, ಎಲ್ಲ ಇಂಜೆಕ್ಷನ್ ಹಾಕಿಬಿಡಿ' ಎನ್ನುವುದು ಬೇಡ. ಯಾವ ದೇಶಕ್ಕೆ ಯಾವ ಲಸಿಕೆ, ಯಾವ ಮಾತ್ರೆ ಎಂದು ತೀರ್ಮಾನಿಸುವವರು ಯೂನಿಟ್ಟಿನ ಮೆಡಿಕಲ್ ಆಫೀಸರು. ಹೊರಗೆ ಹಾಕಿಸಿಕೊಂಡದ್ದು ಸೇನೆಯ ದಾಖಲೆಗೆ ಏರದಿದ್ದರೆ ಅದನ್ನೇ ಮತ್ತೊಮ್ಮೆ ಹಾಕುತ್ತಾರೆ. ಇದಕ್ಕೆ ಎರಡು ಅಪವಾದ: ನಾಯಿ ಕಚ್ಚಿದರೆ ಮತ್ತು ಕೊಳಕು ಗಾಯವಾದರೆ ಯಾರ ಅಪ್ಪಣೆಗೂ ಕಾಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅದೇ ದಿನ ಹೋಗಿ, ಚೀಟಿ ಜೋಪಾನ ಮಾಡಿ.

ಮೊದಲ ಕೆಲಸ: ಕಾಗದ

ಹಳೆಯ ದಾಖಲೆ ಹುಡುಕಿ. ಅಮ್ಮನ ಟ್ರಂಕಿನಲ್ಲಿರುವ ಬಾಲ್ಯದ ಲಸಿಕೆ ಕಾರ್ಡು, ಭರ್ತಿಯ ತರಬೇತಿಯಲ್ಲಿ ಹಾಕಿದ ಇಂಜೆಕ್ಷನ್ನುಗಳ ನಮೂದು, ಕೋವಿಡ್ ಪ್ರಮಾಣಪತ್ರ, ಹಿಂದೊಮ್ಮೆ ನಾಯಿ ಕಚ್ಚಿದಾಗ ಕೊಟ್ಟ ಚೀಟಿ, ಎಲ್ಲವೂ ಬೇಕು. ನಾಯಿ ಕಚ್ಚಿದ ಚೀಟಿಯ ಬೆಲೆ ಎಷ್ಟೆಂದು ಮುಂದೆ ಗೊತ್ತಾಗುತ್ತದೆ. ಒಂದೇ ಹಾಳೆಯಲ್ಲಿ ಲಸಿಕೆಯ ಹೆಸರು, ತಾರೀಖು, ಬ್ಯಾಚ್ ನಂಬರು, ಹಾಕಿದ ಜಾಗ ಬರೆದು ಫೋಟೋ ತೆಗೆದು ಮನೆಯವರಿಗೂ ಕಳಿಸಿ. ರಕ್ತದ ಗುಂಪು ಮತ್ತು ಅಲರ್ಜಿ ಅದೇ ಹಾಳೆಯ ಮೇಲ್ತುದಿಯಲ್ಲಿರಲಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಒಂದು ವಿಶೇಷ ತಾಪತ್ರಯವಿದೆ. ಅಂಕೋಲಾ, ಹೊನ್ನಾವರ ಕಡೆಯ ನಾಯ್ಕರ ಹೆಸರು ಇಂಗ್ಲಿಷಿನಲ್ಲಿ ಒಂದು ಕಾಗದದಲ್ಲಿ ಎನ್-ಎ-ಐ-ಕೆ, ಇನ್ನೊಂದರಲ್ಲಿ ಎನ್-ಎ-ವೈ-ಎ-ಕೆ. ಹೆಗಡೆಯವರಿಗೆ ಮಧ್ಯದಲ್ಲೊಂದು 'ಎ' ಇರುತ್ತದೆ ಅಥವಾ ಇರುವುದಿಲ್ಲ. ಗೌಡರಿಗೆ 'ಯು' ಮತ್ತು 'ಡಬ್ಲ್ಯು'ಗಳ ಜಗಳ. ಸಾಲದ್ದಕ್ಕೆ ಸೇನೆಯಲ್ಲಿ ನಾಯಕ್ ಎನ್ನುವುದು ಹುದ್ದೆಯ ಹೆಸರೂ ಹೌದು. ಅಡ್ಡಹೆಸರನ್ನು ಹುದ್ದೆ ಎಂದುಕೊಂಡು ಗುಮಾಸ್ತರು ಕೈಬಿಟ್ಟರೆ ಪುಸ್ತಿಕೆಯಲ್ಲಿ ಬರೀ ಮೊದಲ ಹೆಸರು ಉಳಿಯುತ್ತದೆ. ಲಸಿಕೆಯ ಅಂತರರಾಷ್ಟ್ರೀಯ ಪುಸ್ತಿಕೆಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕು, ಪಾಸ್‌ಪೋರ್ಟ್ ನಂಬರು ತಾಳೆಯಾಗಬೇಕು, ನಿಮ್ಮ ಸಹಿ ಇರಬೇಕು, ಕೇಂದ್ರದ ಅಧಿಕೃತ ಮೊಹರು ಬಿದ್ದಿರಬೇಕು. ತಿದ್ದಿ ಬರೆದದ್ದು ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಮೇಜಿನ ಮುಂದೆ ನಿಂತಿರುವಾಗಲೇ ಓದಿ ನೋಡಿ, ತಪ್ಪಿದ್ದರೆ ಹೊಸ ಪುಸ್ತಿಕೆ ಕೇಳಿ.

ಹಿಂದಕ್ಕೆ ಎಣಿಕೆ

6 ತಿಂಗಳು ಕೈಯಲ್ಲಿದ್ದರೆ ಹೆಪಟೈಟಿಸ್ ಬಿ ಶುರು ಮಾಡಿ. ಇವತ್ತು ಒಂದು, 1 ತಿಂಗಳಿಗೆ ಎರಡನೆಯದು, 6ನೇ ತಿಂಗಳಿಗೆ ಮೂರನೆಯದು. ರಕ್ತದ ಸಂಪರ್ಕಕ್ಕೆ ಬರುವ ನರ್ಸಿಂಗ್ ಅಸಿಸ್ಟೆಂಟ್, ಆಂಬುಲೆನ್ಸ್ ಸಿಬ್ಬಂದಿಯವರು ಕೊನೆಯ ಡೋಸಿನ ಒಂದೆರಡು ತಿಂಗಳ ಬಳಿಕ ಪ್ರತಿಕಾಯ ಪರೀಕ್ಷೆ ಮಾಡಿಸಬೇಕು, 10 ಎಂಐಯು/ಎಂಎಲ್ ಅಥವಾ ಹೆಚ್ಚು ಬಂದರೆ ಸಾಕು. ಹೆಪಟೈಟಿಸ್ ಎ ಲಸಿಕೆಯ ಎರಡು ಡೋಸುಗಳ ನಡುವೆಯೂ 6 ತಿಂಗಳ ಅಂತರವಿದೆ, ಆದರೆ ಮೊದಲನೆಯದೇ ಕೆಲವು ವಾರಗಳಲ್ಲಿ ರಕ್ಷಣೆ ಕೊಡುತ್ತದೆ. ಸಮಯ ಕಡಿಮೆಯಿದ್ದರೆ ಒಂದನ್ನು ಹಾಕಿಸಿಕೊಂಡು ಹೊರಟು, ಎರಡನೆಯದನ್ನು ರಜೆಗೆ ಬಂದಾಗ ಮುಗಿಸಬಹುದು.

ಜೀವಂತ ಲಸಿಕೆಗಳ ಲೆಕ್ಕವನ್ನು ಎರಡು ತಿಂಗಳು ಇರುವಾಗಲೇ ನೋಡಿಬಿಡಿ. ಹಳದಿ ಜ್ವರ, ದಡಾರದ ಎಂಎಂಆರ್, ಸೀತಾಳೆ ಸಿಡುಬಿನ ಲಸಿಕೆ, ಇವು ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಲಸಿಕೆಗಳು. ಎರಡು ಬೇಕಿದ್ದರೆ ಒಂದೇ ದಿನ ಬೇರೆ ಬೇರೆ ತೋಳಿಗೆ ಹಾಕಬೇಕು, ಇಲ್ಲವೇ ನಡುವೆ 4 ವಾರ ಬಿಡಬೇಕು. ಸೋಮವಾರ ಎಂಎಂಆರ್ ಹಾಕಿಸಿಕೊಂಡವನನ್ನು ಮುಂದಿನ ಗುರುವಾರ ಹಳದಿ ಜ್ವರದ ಸಾಲಿನಲ್ಲಿ ನಿಲ್ಲಿಸಿದರೆ, ಮೊದಲನೆಯದು ಎಬ್ಬಿಸಿದ ಪ್ರತಿರೋಧ ಎರಡನೆಯದನ್ನು ಬೇರೂರಲು ಬಿಡದಿರಬಹುದು. ಕ್ಷಯದ ಮ್ಯಾಂಟೂ ಪರೀಕ್ಷೆಯನ್ನೂ ಜೀವಂತ ಲಸಿಕೆಯ ದಿನವೇ ಮಾಡಿಸಿಕೊಳ್ಳಿ. ಆಮೇಲಾದರೆ ನಾಲ್ಕಾರು ವಾರ ಕಾಯಬೇಕು, ಇಲ್ಲದಿದ್ದರೆ ಸೋಂಕಿದ್ದರೂ ಪರೀಕ್ಷೆ 'ಇಲ್ಲ' ಎಂದು ತೋರಿಸಬಹುದು. ಸೀತಾಳೆ ಸಿಡುಬಿನ ಲಸಿಕೆ ಬಾಲ್ಯದಲ್ಲಿ ಕಾಯಿಲೆ ಬಾರದವರಿಗೆ, 4 ವಾರ ಅಂತರದ ಎರಡು ಡೋಸು. ಬ್ಯಾರಕ್ಕಿನಲ್ಲಿ ಒಬ್ಬನಿಗೆ ಬಂದರೆ ಸಾಲು ಹಾಸಿಗೆಯೆಲ್ಲ ಮಲಗುತ್ತದೆ.

ತಿಂಗಳೊಪ್ಪತ್ತು ಇರುವಾಗ ರೇಬೀಸ್ ಮುಂಜಾಗ್ರತಾ ಲಸಿಕೆ 0 ಮತ್ತು 7ನೇ ದಿನಕ್ಕೆ, ಪೋಲಿಯೋ ಹರಡುತ್ತಿರುವ ದೇಶಕ್ಕಾದರೆ ಕನಿಷ್ಠ 4 ವಾರ ಮೊದಲು ಪೋಲಿಯೋ ಡೋಸು, ಕಾಲರಾ ಇರುವ ಕಡೆಗಾದರೆ ಎರಡು ವಾರದ ಅಂತರದಲ್ಲಿ ಎರಡು ಸಲ ಕುಡಿಯುವ ಲಸಿಕೆ. ಟೈಫಾಯಿಡ್ ಹೊರಡುವುದಕ್ಕೆ ಕನಿಷ್ಠ 2 ವಾರ ಮೊದಲು. ಅದರಲ್ಲಿ ಎರಡು ಬಗೆಯಿದೆ: ಹಳೆಯ ವಿಐ ಪಾಲಿಸ್ಯಾಕರೈಡ್ ಆದರೆ 3 ವರ್ಷಕ್ಕೊಮ್ಮೆ ಮತ್ತೆ ಬೇಕು, ಈಗಿನ ಕಾಂಜುಗೇಟ್ ಲಸಿಕೆಯ ರಕ್ಷಣೆ ಹೆಚ್ಚು ಕಾಲ ನಿಲ್ಲುತ್ತದೆ. ದಾಖಲೆಯಲ್ಲಿ ಬರೀ 'ಟೈಫಾಯಿಡ್' ಎಂದು ಬರೆದಿದ್ದರೆ ಯಾವುದೆಂದು ಗೊತ್ತಾಗುವುದಿಲ್ಲ, ಬ್ರಾಂಡಿನ ಹೆಸರನ್ನೂ ಬರೆಸಿ. ಮಿದುಳು ಪೊರೆಯ ಉರಿಯೂತವಾದ ಮೆನಿಂಜೈಟಿಸ್ ತಡೆಯುವ ಮೆನಿಂಗೊಕಾಕಲ್ ಎಸಿಡಬ್ಲ್ಯುವೈ ಲಸಿಕೆ ಒಂದು ಡೋಸು, ಕನಿಷ್ಠ 10 ದಿನ ಮೊದಲು. ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ ಹಬ್ಬಿದ ಮೆನಿಂಜೈಟಿಸ್ ಪಟ್ಟಿಯೊಳಗೆ ನಮ್ಮ ಪಲ್ಟನ್ನುಗಳು ಹೋಗುವ ದಕ್ಷಿಣ ಸುಡಾನ್ ಕೂಡ ಇದೆ.

ಧನುರ್ವಾಯುವಿನ ಬೂಸ್ಟರ್ 10 ವರ್ಷಕ್ಕೊಮ್ಮೆ. ಜನ ಇನ್ನೂ ಟಿಟಿ ಎಂದೇ ಕರೆಯುತ್ತಾರೆ, ಈಗ ಕೊಡುವುದು ಗಂಟಲಮಾರಿಯದ್ದೂ ಸೇರಿದ ಟಿಡಿ. ಮಣ್ಣು, ಗೊಬ್ಬರ ಮೆತ್ತಿದ ಗಾಯವಾಗಿ, ಕೊನೆಯ ಡೋಸು ಹಾಕಿ 5 ವರ್ಷ ದಾಟಿದ್ದರೆ 10 ವರ್ಷ ತುಂಬುವವರೆಗೆ ಕಾಯದೆ ಅದೇ ದಿನ ಹಾಕುತ್ತಾರೆ. ಹಿಂದಿನ ಡೋಸುಗಳ ಪತ್ತೆಯೇ ಇಲ್ಲದಿದ್ದರೆ 250 ಯೂನಿಟ್ ಇಮ್ಯುನೋಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಸಹ ಬೇಕಾಗುತ್ತದೆ. ಗುಡ್ಡಗಾಡಿನ ಪೋಸ್ಟಿನಲ್ಲಿ ಅದು ಸಿಗುವ ಖಾತ್ರಿಯಿಲ್ಲ. ಅಮ್ಮನ ಟ್ರಂಕಿನ ಕಾಗದ ಇಲ್ಲಿ ಕೆಲಸಕ್ಕೆ ಬರುತ್ತದೆ.

ಫೋನು ಬಂದದ್ದೇ ಹೊರಡುವುದಕ್ಕೆ ಎರಡು ವಾರ ಇರುವಾಗ ಎಂದುಕೊಳ್ಳಿ. ಮರುದಿನವೇ ಹಳದಿ ಜ್ವರ, ಟೈಫಾಯಿಡ್, ಹೆಪಟೈಟಿಸ್ ಎ, ಮೆನಿಂಗೊಕಾಕಲ್, ಟಿಡಿ ಇವನ್ನು ಒಂದೇ ದಿನ ಹಾಕಬಹುದು. ಒಂದೇ ತೋಳಿಗೆ ಎರಡು ಬಿದ್ದರೆ ನಡುವೆ 1 ಇಂಚು ಜಾಗ ಬಿಡಬೇಕು. 'ಇಷ್ಟೊಂದು ಒಟ್ಟಿಗೆ ಹಾಕಿದರೆ ಮೈ ತಡೆಯುತ್ತದೆಯೇ' ಎಂದು ಮನೆಯವರು ಕೇಳುತ್ತಾರೆ. ತಡೆಯುತ್ತದೆ. ತೋಳು ನೋಯುತ್ತದೆ, ಒಂದೆರಡು ದಿನ ಮೈ ಬಿಸಿಯಿರುತ್ತದೆ, ಪ್ಯಾರಾಸಿಟಮಾಲ್ ಸಾಕು.

ಹಳದಿ ಜ್ವರದ ಒಂದು ಸೂಜಿ

0.5 ಮಿಲಿ, ಜೀವನಕ್ಕೆ ಒಂದೇ ಸಲ. 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವನಪರ್ಯಂತ ಸಿಂಧು. ಅದಕ್ಕೂ ಮೊದಲು 10 ವರ್ಷದ ಅವಧಿ ಬರೆದುಕೊಟ್ಟ ಹಳೆಯ ಪುಸ್ತಿಕೆಗಳಿಗೂ ಇದೇ ನಿಯಮ. ಮತ್ತೆ ಚುಚ್ಚಿಸಿಕೊಳ್ಳುವ ಅಗತ್ಯವಿಲ್ಲ, ಪುಸ್ತಿಕೆ ಕಳೆಯಬೇಡಿ ಅಷ್ಟೆ.

ಇದನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅದೂ ವಾರದ ನಿಗದಿತ ದಿನಗಳಲ್ಲಿ. ಕಾರಣ ಇಷ್ಟು: ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ಒಂದು ಬಾಟಲಿಯಲ್ಲಿ ಹಲವರಿಗಾಗುವಷ್ಟು ಡೋಸು ಇರುತ್ತದೆ. ದ್ರಾವಣ ಬೆರೆಸಿದ ಮೇಲೆ ಹೆಚ್ಚೆಂದರೆ 6 ಗಂಟೆ, ಆಮೇಲೆ ಉಳಿದದ್ದನ್ನು ಎಸೆಯಲೇಬೇಕು. ಒಬ್ಬನಿಗಾಗಿ ಬಾಟಲಿ ಒಡೆಯಲು ಯಾರೂ ಮನಸ್ಸು ಮಾಡುವುದಿಲ್ಲ. ಶಿರಸಿಯಿಂದ ಘಟ್ಟ ಇಳಿದು ದಿನಪೂರ್ತಿ ಬಸ್ಸಿನಲ್ಲಿ ಕೂತು ಹೋಗಿ 'ನಾಡಿದ್ದು ಬನ್ನಿ' ಎನಿಸಿಕೊಳ್ಳುವ ಬದಲು ಮೊದಲೇ ದಿನ ಗೊತ್ತುಮಾಡಿಕೊಳ್ಳಿ.

ಈ ಲಸಿಕೆಯನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುತ್ತಾರೆ. ಮೊಟ್ಟೆ ತಿಂದರೆ ಮೈಯೆಲ್ಲ ಊದಿ ಉಸಿರು ಕಟ್ಟುವವರು ಹೇಳಲೇಬೇಕು. ಮನೆಯಲ್ಲಿ ಮೊಟ್ಟೆಯನ್ನೇ ತಿನ್ನದೆ ಬೆಳೆದವರಿಗೆ ತಮಗೆ ಅಲರ್ಜಿ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಅಂಥವರು 'ಇಲ್ಲ' ಎನ್ನುವ ಬದಲು 'ತಿಂದಿಲ್ಲ' ಎಂದು ಹೇಳುವುದು ಸರಿಯಾದ ಉತ್ತರ. ಥೈಮಸ್ ಗ್ರಂಥಿಯ ತೊಂದರೆ ಇರುವವರಿಗೆ, ಸ್ಟಿರಾಯ್ಡ್ ಅಥವಾ ಪ್ರತಿರೋಧ ಕುಗ್ಗಿಸುವ ಔಷಧಿಯಲ್ಲಿರುವವರಿಗೆ ಇದು ಸಲ್ಲ. ಮಹಿಳಾ ಸಿಬ್ಬಂದಿ ಗರ್ಭಿಣಿಯಲ್ಲವೆಂದು ಖಚಿತಪಡಿಸಿಕೊಂಡೇ ಹಾಕಿಸಿಕೊಳ್ಳಬೇಕು, ಬಳಿಕ 4 ವಾರ ಗರ್ಭ ಧರಿಸಬಾರದು. ಹಾಕಿಸಿಕೊಂಡವರೆಲ್ಲ ಅರ್ಧ ಗಂಟೆ ಅಲ್ಲೇ ಕೂತಿರಿ. ತಿಂಗಳೊಳಗೆ ರಕ್ತದಾನವೂ ಬೇಡ.

ಹಳದಿ ಜ್ವರವಿರುವ ದೇಶದಿಂದ ಸಿಂಧು ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದವರನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ರಜೆಯ ಮೊದಲ ವಾರ ವಿಮಾನ ನಿಲ್ದಾಣದ ಕ್ವಾರಂಟೈನಿನಲ್ಲಿ ಕಳೆಯಬೇಕಾದರೆ ಹೊಟ್ಟೆ ಉರಿಯದೆ ಇದ್ದೀತೇ? ಆದ್ದರಿಂದ ಪುಸ್ತಿಕೆ ಚೆಕ್-ಇನ್ ಸಾಮಾನಿನಲ್ಲಿ ಬೇಡ, ಕೈಚೀಲದಲ್ಲಿರಲಿ.

ಸೂಜಿಯ ದಿನ ಕೆಡುವುದು ಎಲ್ಲಿ

ದೊಡ್ಡವರಿಗೆ ಸ್ನಾಯುವಿನ ಲಸಿಕೆ ಹಾಕುವುದು ಭುಜದ ಕೆಳಗಿನ ದಪ್ಪ ಸ್ನಾಯುವಿಗೆ. ಹೆಪಟೈಟಿಸ್ ಬಿ ಮತ್ತು ರೇಬೀಸ್ ಲಸಿಕೆಯನ್ನು ಕುಂಡೆಗೆ ಹಾಕಿದರೆ ಕೊಬ್ಬಿನ ಪದರದಲ್ಲಿ ನಿಂತು ಸರಿಯಾಗಿ ಹತ್ತುವುದಿಲ್ಲ. ತೋಳು ನೋಯುತ್ತದೆ, ಪರೇಡಿಗೆ ತೊಂದರೆ ಎಂದು ಜಾಗ ಬದಲಿಸಲು ಕೇಳಬೇಡಿ.

ಇನ್ನು ಕೆಲವು ಮಾತು ನರ್ಸಿಂಗ್ ಅಸಿಸ್ಟೆಂಟರಿಗೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ಏಪ್ರಿಲ್ ತಿಂಗಳ ಕಾರವಾರದಲ್ಲಿ ಕರೆಂಟು ಹೋದಾಗ ಎಲ್ಲರೂ ಸೆಖೆಗೆ ಹೆದರುತ್ತಾರೆ. ಆದರೆ ಹೆಪಟೈಟಿಸ್ ಬಿ, ಟಿಡಿಯಂಥ ಲಸಿಕೆಗಳಿಗೆ ಹೆಪ್ಪುಗಟ್ಟುವುದು ಅದಕ್ಕಿಂತ ದೊಡ್ಡ ಶತ್ರು. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಅದರಲ್ಲಿನ ಅಲ್ಯೂಮಿನಿಯಂ ಲವಣ ಗಂಟುಕಟ್ಟುತ್ತದೆ, ಶಕ್ತಿ ಹೋಗುತ್ತದೆ. ನೋಡಲು ಬಾಟಲಿ ಮೊದಲಿನಂತೆಯೇ ಇರುತ್ತದೆ. ಲೇಹ್‌ನ ಚಳಿಗಾಲದಲ್ಲಿ ಪೆಟ್ಟಿಗೆ ರಾತ್ರಿ ಹೊರಗುಳಿದರೆ ಕಥೆ ಮುಗಿದಂತೆ. ಕರಾವಳಿಯಲ್ಲೂ ಇದು ಆಗುತ್ತದೆ: ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ಕ್ಯಾರಿಯರಿಗೆ ಇಟ್ಟರೆ ಅದಕ್ಕೆ ತಾಗಿದ ಬಾಟಲಿ ಹೆಪ್ಪುಗಟ್ಟುತ್ತದೆ. ಐಸ್ ಪ್ಯಾಕನ್ನು ಮೇಜಿನ ಮೇಲಿಟ್ಟು ಬೆವರಲು ಬಿಡಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ಆಗ ಇಡಬಹುದು. ಹೆಪ್ಪುಗಟ್ಟಿತ್ತೇ ಎಂಬ ಅನುಮಾನದ ಬಾಟಲಿ ಇದ್ದರೆ, ಅದೇ ಬ್ಯಾಚಿನ ಇನ್ನೊಂದನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಎರಡನ್ನೂ ಕುಲುಕಿ ಪಕ್ಕಪಕ್ಕ ಇಡಿ. ಅನುಮಾನದ್ದರಲ್ಲಿ ಗಸಿ ಅಷ್ಟೇ ಬೇಗ ತಳಕ್ಕಿಳಿದರೆ ಅದನ್ನು ಬಳಸಬೇಡಿ.

ಸೆಖೆಯ ಲೆಕ್ಕಕ್ಕೆ ಬಾಟಲಿಯ ಮೇಲೊಂದು ಗುರುತಿದೆ. ವೃತ್ತದೊಳಗಿನ ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ. ವೃತ್ತದಷ್ಟೇ ಕಪ್ಪಾದರೆ ಕಸಕ್ಕೆ. ಹೆಪ್ಪುಗಟ್ಟಿದ್ದನ್ನು ಈ ಗುರುತು ತೋರಿಸುವುದಿಲ್ಲ.

ಮಲೇರಿಯಾ: ಮಾತ್ರೆಯ ಎಣಿಕೆ

ಪುಣೆಯಲ್ಲಿ ತಯಾರಾಗುವ ಆರ್21 ಮಲೇರಿಯಾ ಲಸಿಕೆ ಆಫ್ರಿಕಾದ ಪುಟ್ಟ ಮಕ್ಕಳಿಗಾಗಿ. ಸೈನಿಕನಿಗೆ ಮಾತ್ರೆ, ಸೊಳ್ಳೆಪರದೆ, ಉದ್ದ ತೋಳಿನ ಅಂಗಿಯೇ ಗತಿ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಕಂಡುಕೊಂಡ ರೊನಾಲ್ಡ್ ರಾಸ್ ಕೂಡ ಸೇನೆಯ ವೈದ್ಯರೇ.

ಡಾಕ್ಸಿಸೈಕ್ಲಿನ್ ದಿನಕ್ಕೆ 100 ಮಿಗ್ರಾಂ. ಹೊರಡುವುದಕ್ಕೆ 2 ದಿನ ಮೊದಲು ಶುರು, ಅಲ್ಲಿರುವಷ್ಟು ದಿನ, ಮರಳಿದ ಮೇಲೆ 4 ವಾರ. ಒಂದು ವರ್ಷದ ಮಿಷನ್ ಎಂದರೆ 2 ಮತ್ತು 365 ಮತ್ತು 28, ಒಟ್ಟು 395 ಮಾತ್ರೆ. ಮೆಫ್ಲೋಕ್ವಿನ್ ವಾರಕ್ಕೆ 250 ಮಿಗ್ರಾಂ. 3 ವಾರ ಮೊದಲು ಶುರು ಮಾಡಿದರೆ ವರ್ಷಕ್ಕೆ 59 ಮಾತ್ರೆ. ಇದನ್ನು ಅಷ್ಟು ಮೊದಲೇ ಶುರು ಮಾಡುವುದಕ್ಕೆ ಎರಡು ಕಾರಣ: ರಕ್ತದಲ್ಲಿ ಮಟ್ಟ ಏರಲು ಸಮಯ ಬೇಕು, ಮತ್ತು ಕೆಟ್ಟ ಕನಸು, ತಲೆಸುತ್ತು, ವಿನಾಕಾರಣ ಆತಂಕದಂಥ ಅಡ್ಡ ಪರಿಣಾಮ ಬರುವುದಿದ್ದರೆ ಊರಲ್ಲಿರುವಾಗಲೇ ಕಾಣಿಸಿಕೊಳ್ಳಲಿ. ಹಿಂದೆ ಖಿನ್ನತೆಗೆ ಔಷಧಿ ತೆಗೆದುಕೊಂಡವರು, ಫಿಟ್ಸ್ ಇದ್ದವರು ಮುಚ್ಚಿಡಬಾರದು, ಅವರಿಗೆ ಮೆಫ್ಲೋಕ್ವಿನ್ ಕೊಡುವಂತಿಲ್ಲ. ಪೈಲಟ್‌ಗಳಿಗೆ, ನೌಕಾಪಡೆಯ ಡೈವರ್‌ಗಳಿಗೂ ಅದು ಹೊಂದುವುದಿಲ್ಲ.

ಡಾಕ್ಸಿಯದ್ದು ಬೇರೆ ತಂಟೆ. ತುಂಬಿದ ಲೋಟ ನೀರಿನೊಂದಿಗೆ ಊಟದ ಬಳಿಕ ನುಂಗಿ, ಅರ್ಧ ಗಂಟೆ ಕೂತಿರಿ ಅಥವಾ ನಿಂತಿರಿ. ಒಂದು ಗುಟುಕು ನೀರಲ್ಲಿ ನುಂಗಿ ಮಂಚಕ್ಕೆ ಬಿದ್ದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಸುಡುತ್ತದೆ, ಮರುದಿನ ಎಂಜಲು ನುಂಗಿದರೂ ಎದೆ ಉರಿ. ಹಾಲು, ಆಸಿಡಿಟಿ ಮಾತ್ರೆ, ಕಬ್ಬಿಣದ ಮಾತ್ರೆ ಜೊತೆಗೆ ಬೇಡ, ಅವು ಇದನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಟೋಪಿ ಮತ್ತು ಪೂರ್ತಿ ತೋಳು ಇರಲಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಮಧ್ಯದ ರಜೆಯಲ್ಲಿ. ಮೂರು ವಾರಕ್ಕೆ ಊರಿಗೆ ಬಂದವರು 'ಇಲ್ಲಿ ಆ ಸೊಳ್ಳೆ ಇಲ್ಲವಲ್ಲ' ಎಂದು ಮಾತ್ರೆ ನಿಲ್ಲಿಸುತ್ತಾರೆ. ಸೊಳ್ಳೆ ಬಿಟ್ಟ ಪರೋಪಜೀವಿ ಮೊದಲು ಯಕೃತ್ತಿನಲ್ಲಿ ಅಡಗಿರುತ್ತದೆ, ಡಾಕ್ಸಿ, ಮೆಫ್ಲೋಕ್ವಿನ್ ಕೊಲ್ಲುವುದು ಅದು ರಕ್ತಕ್ಕೆ ಇಳಿದ ಮೇಲೆ. ಆ ನಾಲ್ಕು ವಾರ ಅದಕ್ಕಾಗಿ. ರಜೆ 4 ವಾರಕ್ಕಿಂತ ಕಡಿಮೆಯಿದ್ದರೆ ಮಾತ್ರೆ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಮದುವೆಮನೆಯಲ್ಲಿದ್ದರೂ ನುಂಗಬೇಕು.

ಸೊಳ್ಳೆ ತಡೆಯುವ ಔಷಧಿಗಳಲ್ಲಿ ಪರ್ಮೆಥ್ರಿನ್ ಬಟ್ಟೆಗೆ, ಡೀಟ್ ಚರ್ಮಕ್ಕೆ. ಅದಲು ಬದಲು ಮಾಡಬೇಡಿ. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಮೊದಲು ಅದು, ಒಣಗಿದ ಮೇಲೆ ಡೀಟ್.

ಹಡಗಿನವರು 'ನಾವು ನೀರಿನ ಮೇಲಿರುವವರು' ಎಂದು ಇದನ್ನು ಬಿಟ್ಟು ಓದಬೇಡಿ. ಏಡನ್ ಕೊಲ್ಲಿಯಲ್ಲಿ ನೌಕಾಪಡೆ 2008ರಿಂದ ಕಡಲ್ಗಳ್ಳರ ವಿರುದ್ಧ ಗಸ್ತು ತಿರುಗುತ್ತಿದೆ. ಅಲ್ಲೇ ಇರುವ ಜಿಬೂಟಿಯಲ್ಲಿ 2012ರಲ್ಲಿ ಕಾಣಿಸಿಕೊಂಡ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ನಮ್ಮ ಕರಾವಳಿ ಪೇಟೆಗಳ ಮಹಡಿ ಟಾಕಿಗಳಲ್ಲಿ ಬೆಳೆಯುವ ಸೊಳ್ಳೆಯೇ. ಅದು ಬಂದ ಮೇಲೆ ಆ ಊರಿನಲ್ಲಿ ಮಲೇರಿಯಾ ಏರುತ್ತಲೇ ಹೋಯಿತು. ದಡಕ್ಕಿಳಿದು ರಾತ್ರಿ ಕಳೆಯುವವರು ಮಾತ್ರೆ ಕೇಳಿ ಪಡೆಯಬೇಕು. ಹಡಗಿನೊಳಗೆ ಹರಡುವ ವಾಂತಿಭೇದಿಗೆ ಹ್ಯಾಂಡ್ ಸ್ಯಾನಿಟೈಸರ್ ಸಾಲದು, ಆ ಕಾಯಿಲೆ ತರುವ ನೊರೊವೈರಸ್ ಅದಕ್ಕೆ ಜಗ್ಗುವುದಿಲ್ಲ. ಸೋಪು, ನೀರು ಬೇಕು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ಹಡಗು ಹೊರಡುವುದಕ್ಕೆ 2 ವಾರ ಮೊದಲು.

ನೀರು ಕಂಡರೆ ಇಳಿಯಬೇಡಿ, ನಾಯಿ ಸಾಕಬೇಡಿ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ದಡದಲ್ಲಿ ಬೆಳೆದ ಹುಡುಗರಿಗೆ ಹೊಳೆ ಕಂಡರೆ ಕಾಲು ನಿಲ್ಲುವುದಿಲ್ಲ. ಆಫ್ರಿಕಾದ ಕೆರೆ, ನೈಲ್ ನದಿಯ ನಿಂತ ಹಿನ್ನೀರುಗಳಲ್ಲಿ ಇದೇ ಚಟ ಅಪಾಯ. ಅಲ್ಲಿನ ಬಸವನಹುಳುಗಳಿಂದ ಹೊರಬರುವ ಸೂಕ್ಷ್ಮ ಹುಳು ಚರ್ಮವನ್ನೇ ಕೊರೆದು ಒಳಹೋಗುತ್ತದೆ. ಶಿಸ್ಟೊಸೋಮಿಯಾಸಿಸ್ ಎಂದು ಅದರ ಹೆಸರು, ಲಸಿಕೆ ಇಲ್ಲ. ಗಾಯ ಇರಬೇಕೆಂದೇನಿಲ್ಲ, ಮೊಣಕಾಲುದ್ದ ನೀರಲ್ಲಿ ನಿಂತು ಗಾಡಿ ತೊಳೆದರೂ ಸಾಕು. ಕರ್ತವ್ಯಕ್ಕಾಗಿ ಇಳಿಯಲೇಬೇಕಾದರೆ ಎದ್ದ ತಕ್ಷಣ ಒಣ ಬಟ್ಟೆಯಿಂದ ಉಜ್ಜಿ ಒರೆಸಿ. ಸ್ನಾನಕ್ಕೆ 24 ಗಂಟೆ ಮುಚ್ಚಿಟ್ಟ ಅಥವಾ ಕುದಿಸಿ ಆರಿಸಿದ ನೀರು. ಸಮುದ್ರದ ಉಪ್ಪುನೀರಿನಲ್ಲಿ ಈ ಭಯವಿಲ್ಲ.

ಕ್ಯಾಂಪಿನಲ್ಲಿ ನಾಯಿಮರಿಗೆ ಅನ್ನ ಹಾಕುವವರು ಇದ್ದೇ ಇರುತ್ತಾರೆ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಮೊದಲೇ ರೇಬೀಸ್ ಲಸಿಕೆ ಪೂರ್ತಿ ಆಗಿದ್ದು ದಾಖಲೆ ಇದ್ದರೆ 0 ಮತ್ತು 3ನೇ ದಿನ ಎರಡು ಡೋಸು ಸಾಕು, ಗಾಯದ ಸುತ್ತ ಚುಚ್ಚುವ ಇಮ್ಯುನೋಗ್ಲೋಬ್ಯುಲಿನ್ ಬೇಡ. ದಾಖಲೆ ಇಲ್ಲದಿದ್ದರೆ ಅದೂ ಬೇಕು, 28 ದಿನದ ಪೂರ್ತಿ ಸರಣಿಯೂ ಬೇಕು. ಹಳೆಯ ನಾಯಿ ಕಚ್ಚಿದ ಚೀಟಿಯ ಬೆಲೆ ಇದು.

ಲಡಾಖಿಗೆ ಹೋಗುವವರಿಗೆ

ಸಮುದ್ರಮಟ್ಟದಲ್ಲಿ ಹುಟ್ಟಿ ಬೆಳೆದವರನ್ನು ವಿಮಾನ ಒಂದೇ ದಿನದಲ್ಲಿ 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿಸುತ್ತದೆ. ಇದಕ್ಕೆ ಲಸಿಕೆ ಇಲ್ಲ, ದಿನ ಎಣಿಸುವುದೇ ಮದ್ದು. ಸೇನೆಯ ಕ್ರಮ ಹೀಗಿದೆ: 9,000ದಿಂದ 12,000 ಅಡಿಯಲ್ಲಿ 6 ದಿನ, 15,000 ಅಡಿಯವರೆಗೆ ಇನ್ನೂ 4 ದಿನ, ಅದಕ್ಕೂ ಮೇಲೆ ಮತ್ತೆ 4 ದಿನ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ದೇಹ ಗಟ್ಟಿ ಇರುವವನಿಗೇ ಇಲ್ಲಿ ಹೆಚ್ಚು ಅಪಾಯ, ಏಕೆಂದರೆ ಅವನು ಎರಡನೇ ದಿನವೇ ಓಡಲು ಹೊರಡುತ್ತಾನೆ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ನೊರೆಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ ಮಿದುಳು ಊದುತ್ತಿದೆ. ಎರಡಕ್ಕೂ ಆಮ್ಲಜನಕ ಕೊಟ್ಟು ಕೆಳಗಿಳಿಸಬೇಕು, ಬೆಳಗಾಗಲಿ ಎಂದು ಕಾಯಬಾರದು. ದೀರ್ಘ ರಜೆ ಮುಗಿಸಿ ಊರಿನಿಂದ ಮರಳುವವರೂ ಮತ್ತೆ ಹೊಂದಿಕೊಳ್ಳಲೇಬೇಕು, ಮೈ ಹಳೆಯದನ್ನು ಮರೆತಿರುತ್ತದೆ.

ಊರಿಗೆ ಬಂದ ಮೇಲೆ ಜ್ವರ

ಆಫ್ರಿಕಾದಿಂದ ಬಂದು 3 ತಿಂಗಳೊಳಗೆ ಬಂದ ಜ್ವರವನ್ನು ಅಲ್ಲವೆಂದು ಸಾಬೀತಾಗುವವರೆಗೆ ಮಲೇರಿಯಾ ಎಂದೇ ಹಿಡಿಯಬೇಕು. ಮಾತ್ರೆ ತಪ್ಪದೆ ನುಂಗಿದ್ದರೂ ಅಷ್ಟೆ. ಅಲ್ಲಿನ ಫಾಲ್ಸಿಪಾರಮ್ ಬಗೆ ಒಂದೆರಡು ದಿನದಲ್ಲಿ ಮಿದುಳು, ಮೂತ್ರಪಿಂಡಗಳನ್ನು ಹಿಡಿಯಬಲ್ಲದು. ಮೊದಲ ರಕ್ತಪರೀಕ್ಷೆಯಲ್ಲಿ ಸಿಗದಿದ್ದರೆ 12ರಿಂದ 24 ಗಂಟೆ ಬಿಟ್ಟು ಮತ್ತೆ ಮಾಡಿಸಿ, ಒಟ್ಟು ಮೂರು ಸಲ. ವೈವಾಕ್ಸ್ ಬಗೆ ತಿಂಗಳುಗಳ ನಂತರ ಮರುಕಳಿಸುತ್ತದೆ. ಅದಕ್ಕೆ 14 ದಿನದ ಪ್ರೈಮಾಕ್ವಿನ್ ಬೇಕು, ಕೊಡುವ ಮೊದಲು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಆಗಿರಬೇಕು. ಆ ಕಿಣ್ವ ಕಡಿಮೆ ಇರುವವರಲ್ಲಿ ಈ ಮಾತ್ರೆ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಆದರೆ ಜ್ವರವೆಲ್ಲ ಆಫ್ರಿಕಾದ್ದೇ ಆಗಿರಬೇಕಿಲ್ಲ. ಡಿಸೆಂಬರಿನಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರ, ಶಿರಸಿ ಕಡೆ ಮಂಗನ ಕಾಯಿಲೆಯ ಕಾಲ. ರಜೆಗೆ ಬಂದ ಮಗ ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ, ಬೆಟ್ಟಕ್ಕೆ ಹೋಗಿ ದರಗು ಗುಡಿಸುತ್ತಾನೆ, ಸೊಪ್ಪು ತರುತ್ತಾನೆ. ಉಣುಗು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ಸಿಡಿಯುವ ತಲೆನೋವು, ಮೈಕೈ ಮುರಿತ. ಈ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಡೀಪಾ ಎಣ್ಣೆ ಹಚ್ಚುವುದು, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಮೈ ತಡವಿ ನೋಡುವುದು, ಉಳಿದಿರುವ ದಾರಿ ಇಷ್ಟೇ. ಆರೋಗ್ಯ ಇಲಾಖೆಯವರು ಮನೆ ಮನೆಗೆ ಹಂಚುವ ಆ ಎಣ್ಣೆ ಮೂಲತಃ ಸೈನಿಕರಿಗಾಗಿ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ್ದು. ಪಲ್ಟನ್ನಿನವನಿಗೆ ಪರಿಚಯವಿರಬೇಕಾದ ವಾಸನೆ. ಮಳೆಗಾಲವಾದರೆ ಗದ್ದೆಗಿಳಿದವರಿಗೆ ಇಲಿಜ್ವರ, ಡೆಂಗ್ಯೂ ಎರಡೂ ಇವೆ. ಯಾವ ಜ್ವರವೆಂದು ತಿಳಿಯುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ.

ತಾಲೂಕು ಆಸ್ಪತ್ರೆಯಲ್ಲಾಗಲಿ ಕಾರವಾರದ ಮೆಡಿಕಲ್ ಕಾಲೇಜಿನಲ್ಲಾಗಲಿ ಡಾಕ್ಟರರ ಮುಂದೆ 'ಎರಡು ದಿನದಿಂದ ಜ್ವರ ಸಾರ್' ಎಂದಷ್ಟೇ ಹೇಳಿದರೆ ಅವರು ಊರಿನ ಜ್ವರವನ್ನೇ ಹುಡುಕುತ್ತಾರೆ. ಹೋಗುವಾಗಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವ ದೇಶದಲ್ಲಿದ್ದೆ, ಯಾವ ತಾರೀಖಿಗೆ ಬಂದೆ. ಯಾವ ಮಲೇರಿಯಾ ಮಾತ್ರೆ, ಎಷ್ಟು ದಿನ ತಪ್ಪಿದೆ. ಕೆರೆ ನದಿಗೆ ಇಳಿದಿದ್ದೆನೇ, ಪ್ರಾಣಿ ಕಚ್ಚಿತ್ತೇ. ಬಂದ ಮೇಲೆ ಕಾಡಿಗೆ, ಗದ್ದೆಗೆ ಹೋಗಿದ್ದೆನೇ. ಮೈ ಸುಡುತ್ತಿರುವವನಿಗೆ ಇದೆಲ್ಲ ನೆನಪಾಗುವುದಿಲ್ಲ, ಜೊತೆಗೆ ಬಂದ ಹೆಂಡತಿ ಅಥವಾ ಅಣ್ಣನ ಕೈಯಲ್ಲಿ ಆ ಚೀಟಿ ಇದ್ದರೆ ಸಾಕು.

ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೆ ಬೆಚ್ಚಿಬೀಳುವುದು, ಮನೆಯವರ ಮೇಲೆ ಹರಿಹಾಯುವುದು ವಾರಗಟ್ಟಲೆ ನಡೆದರೆ ಅದೂ ಕಾಯಿಲೆಯ ಲೆಕ್ಕವೇ. ಮೆಫ್ಲೋಕ್ವಿನ್ ಇನ್ನೂ ನಡೆಯುತ್ತಿದ್ದರೆ ಮೊದಲು ಅದನ್ನು ಡಾಕ್ಟರರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕ್ಯಾಲೆಂಡರಿನಲ್ಲಿ ಇನ್ನು ಎರಡೇ ಗುರುತು ಉಳಿದಿರುತ್ತದೆ. ಬಂದ ದಿನದಿಂದ 28ನೇ ದಿನ, ಕೊನೆಯ ಡಾಕ್ಸಿ. ಹೊಳೆಗಿಳಿದವರಿಗೆ ಮೂರನೇ ತಿಂಗಳು, ಶಿಸ್ಟೊಸೋಮಾದ ರಕ್ತ, ಮೂತ್ರ, ಮಲ ಪರೀಕ್ಷೆ. ಅದಕ್ಕೂ ಮೊದಲು ಮಾಡಿಸಿದರೆ ಹುಳು ಇದ್ದರೂ ಸಿಗದಿರಬಹುದು. ಸಿಕ್ಕರೆ ಪ್ರಾಜಿಕ್ವಾಂಟೆಲ್, ತೂಕದ ಪ್ರತಿ ಕಿಲೋಗೆ 40 ಮಿಗ್ರಾಂ. 60 ಕಿಲೋ ಇರುವವನಿಗೆ 600 ಮಿಗ್ರಾಂನ ನಾಲ್ಕು ಮಾತ್ರೆ, ಊಟದ ಜೊತೆಗೆ.